ಒತ್ತಕ್ಷರಕ್ಕೆ ಬೇರೆ ದುಡ್ಡಿಲ್ಲ

ಸೊಸೈಟಿಯ ಸಾಲದ ಅರ್ಜಿಯಲ್ಲಿ ಉದ್ಯೋಗ ಎಂಬಲ್ಲಿ
ಚಿತ್ರಕಥೆಗಾರ ಎಂದು ಬರೆದೆ.
ಕನ್ನಡಕ ಏರಿಸಿ ಗುಮಾಸ್ತೆ ಕೇಳಿದಳು: ಸಿನಿಮಾಕ್ಕಾ?
ಅಲ್ಲ, ಮಕ್ಕಳ ಮಾಸಿಕಕ್ಕೆ. ಚೌಕ ಚೌಕ ಇರ್ತದಲ್ಲ, ಅದು.
ಓ. ಅದಕ್ಕೆ ದುಡ್ಡು ಕೊಡ್ತಾರಾ?
ಕುಹಕವಿರಲಿಲ್ಲ ಅವಳ ದನಿಯಲ್ಲಿ.
ಇದನ್ನೇ ನಾನೂ ಸಂಪಾದಕರಿಗೆ ಬರೆದು ಕೇಳಿದ್ದೆ, ಮೂರು ಸಲ,
ಮೂರನೆಯದು ರಿಜಿಸ್ಟರ್ಡ್ ಅಂಚೆಯಲ್ಲಿ.

ಪುಟಕ್ಕೆ ನಾನೂರು.
ಪುಟಕ್ಕೆ ನಾಲ್ಕು ರಾತ್ರಿ:
ಒಂದು ಪೆನ್ಸಿಲ್ಲಿಗೆ, ಎರಡು ಶಾಯಿಗೆ, ಕೊನೆಯದು ಮಾತಿಗೆ.
ಕನ್ನಡದ ಮಾತಿಗೆ ಜಾಗ ಜಾಸ್ತಿ ಬೇಕು,
ಮೇಲೆ ತಲೆಕಟ್ಟು, ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ,
ಗುಳ್ಳೆ ಉಬ್ಬಿ ಉಬ್ಬಿ ನಾಯಕನ ಟೊಪ್ಪಿ ನುಂಗುತ್ತದೆ.
ಮಾತು ಕಮ್ಮಿ ಮಾಡಿ ಎನ್ನುತ್ತಿದ್ದರು ಸಂಪಾದಕರು.
ಆಮೇಲೆ ಚೌಕವನ್ನೇ ಕಮ್ಮಿ ಮಾಡಿದರು,
ಒಂಬತ್ತಿದ್ದದ್ದು ಆರು, ನಾನೂರಿದ್ದದ್ದು ಮುನ್ನೂರು.
ಲೆಕ್ಕ ಹಾಕಿ ನೋಡಿ, ಲಾಭ ನಿಮಗೇ ಎಂದರು.
ಹಾಕಿ ನೋಡಿದೆ. ಹೌದು.

ನನ್ನ ನಾಯಕ ಬಂಗುಡೆ ಬಾಬು.
ಚೂಪು ಮೂಗು, ನಾಲ್ಕು ಗೆರೆಯ ಮೀಸೆ,
ಮಲ್ಪೆ ಬಂದರಿನ ಪತ್ತೇದಾರ.
ಐಸ್ ಪ್ಲಾಂಟಿನಿಂದ ಕಳುವಾದ ಗಡಿಯಾರ,
ಸೇಂಟ್ ಮೇರೀಸ್ ದ್ವೀಪದಲ್ಲಿ ರಾತ್ರೋರಾತ್ರಿ
ಎಣಿಕೆಗಿಂತ ಒಂದು ಹೆಚ್ಚಾದ ಕಲ್ಲುಕಂಬ,
ಎಲ್ಲ ಅವನೇ ಕಂಡುಹಿಡಿದ.
ಅವನಿಗೂ ಯಾರಾದರೂ ದುಡ್ಡು ಕೊಟ್ಟದ್ದನ್ನು
ನಾನು ಎಲ್ಲೂ ಬರೆದಿಲ್ಲ, ಈಗ ಯೋಚಿಸಿದರೆ.

ಎಪ್ಪತ್ತೊಂಬತ್ತನೇ ಕಂತಿನಲ್ಲಿ ಕ್ರೇನಿನ ಕೊಕ್ಕೆಗೆ
ಒಂದೇ ಕೈಯಲ್ಲಿ ನೇತಾಡುತ್ತಿದ್ದ.
ಕೆಳಗಿನ ನೀರಿಗೆ ಅರ್ಧ ಬಾಟಲಿ ಶಾಯಿ ಸುರಿದಿದ್ದೆ.
ಮೂಲೆಯಲ್ಲಿ: ಮುಂದುವರಿಯುವುದು.
ಮಾಸಿಕ ಮುಂದುವರಿಯಲಿಲ್ಲ.

ನಾನು ಮುಂದುವರಿದೆ.
ನರ್ಸಿಂಗ್ ಹುಡುಗಿಯರ ರೆಕಾರ್ಡಿಗೆ ಮೂತ್ರಪಿಂಡ,
ಒಂದಕ್ಕೆ ಮೂವತ್ತು, ಜೋಡಿಗೆ ಐವತ್ತು.
ಮದುವೆ ಹಾಲಿನಲ್ಲಿ ನೆಂಟರ ವ್ಯಂಗ್ಯಚಿತ್ರ.
ಮೂಗು ಸಣ್ಣ ಮಾಡಿ ಎಂದಳು ವರನ ಅತ್ತಿಗೆ.
ಮೂಗು ಸಣ್ಣ ಮಾಡಿದರೆ ಅದು ವ್ಯಂಗ್ಯಚಿತ್ರವೇ ಅಲ್ಲ.
ಮಾಡಿದೆ.

ಜೂನ್, ಜುಲೈ ಬಲೆಗೆ ರಜೆ, ಬೋಟಿಗೆ ಬಣ್ಣ.
ಟರ್ಪಾಲಿನಡಿ ಎನಾಮೆಲ್ ಒಣಗದೆ ಕೂತಿರುತ್ತದೆ, ಜೊತೆಗೆ ನಾನೂ.
ಅಕ್ಷರಕ್ಕೆ ನೂರಿಪ್ಪತ್ತು.
ಶ್ರೀ ಲಕ್ಷ್ಮೀ ಎಂದು ಬರೆಸಿದ ಶೀನ ಕುಂದರ್ರು
ಬೆರಳು ಮಡಚಿದರು: ಶ್ರೀ ಒಂದು, ಲ ಎರಡು, ಕ್ಷ್ಮೀ ಮೂರು. ಆಯ್ತಲ್ಲ?
ಕ್ಷ್ಮೀಯೊಳಗೆ ಎಷ್ಟು ಜನ ಇದ್ದಾರೆ ನೋಡಿ ಎಂದೆ.
ಒತ್ತಕ್ಷರಕ್ಕೆ ಬೇರೆ ದುಡ್ಡು ಉಂಟಾ ಮಾರಾಯ್ರೆ,
ಅದು ಕೆಳಗೆ ಜೋತುಬಿದ್ದದ್ದಲ್ವಾ?

ಇಂಜಿನ್ನಿನ ಗುಂಡಿಯಿಂದ ಎದ್ದು ಬಂದ ಹೂಡೆಯ ಮುಸ್ತಫ,
ಡೀಸೆಲ್ ಕೈ ಒರಸುತ್ತ ನನ್ನ ಲ-ವನ್ನೇ ನೋಡಿದ.
ಈ ಲ-ದ ಬಾಲ ನನಗೆ ಗೊತ್ತುಂಟು.
ನೀವು ಬಂಗುಡೆ ಬಾಬು ಅಲ್ವಾ?
ಹೌದು ಎಂದೆ. ಅಲ್ಲ ಎನ್ನಬೇಕಿತ್ತು.
ಅವ ಬಿದ್ದನಾ ಸಾರ್?

ಹನ್ನೆರಡು ವರ್ಷ ಕೇಳಲು ಯಾರೂ ಸಿಗದೆ
ಮಡಚಿ ಇಟ್ಟುಕೊಂಡಿದ್ದ ಪ್ರಶ್ನೆ.
ನನಗೂ ಗೊತ್ತಿರಲಿಲ್ಲ.
ಚೆಕ್ಕು ನಿಂತ ತಿಂಗಳು ಯೋಚಿಸುವುದನ್ನೂ ನಿಲ್ಲಿಸಿದ್ದೆ.

ಐಸಿನ ಬಿಲ್ಲಿನ ಹಿಂದೆ ಚೌಕ ಎಳೆದೆ.
ಕೊಕ್ಕೆ, ಕೈ. ಕೈಗೆ ವಯಸ್ಸಾದ ಹಾಗೆ ಬಂತು.
ಅವನು ಬಗ್ಗಿ ನೋಡಿ, ಕೊಕ್ಕೆ ತಪ್ಪು ಎಂದ.
ಅದಕ್ಕೊಂದು ನಾಲಗೆ ಇರ್ತದೆ ಸಾರ್, ಒಳಗಿನಿಂದ ಮುಚ್ಚುವಂಥದ್ದು,
ಲುಂಗಿ ಸಿಕ್ಕಿಸಿದರೆ ಆರಾಮ ಕೂರಬಹುದು,
ಎಷ್ಟು ಹೊತ್ತು ಬೇಕಾದ್ರೂ.

ಹಾಗೇ ಬರೆದುಕೊಟ್ಟೆ. ಬಾಬು ಕೂತ,
ಕಾಲು ಅಲ್ಲಾಡಿಸುತ್ತ, ಒಳಚಡ್ಡಿಯಲ್ಲಿ.
ಎಷ್ಟಾಯ್ತು ಎಂದ ಮುಸ್ತಫ.
ಮೂತ್ರಪಿಂಡಕ್ಕೆ ರೇಟು ಉಂಟು ನನ್ನಲ್ಲಿ, ಕಥೆಯ ಕೊನೆಗಿಲ್ಲ.
ಎರಡು ಚಾ, ಒಂದು ಪ್ಲೇಟು ಗೋಳಿಬಜೆ ಅವನೇ ಹೇಳಿದ.
ಆರರಲ್ಲಿ ನಾಲ್ಕು ನಾನೇ ತಿಂದೆ.

ಮತ್ತೆ ಏಣಿ. ಒತ್ತು ಇನ್ನೂ ಹಸಿ.
ಅದರ ತುದಿಗೆ ಸಣ್ಣದೊಂದು ಕೊಕ್ಕೆ ಎಳೆದೆ, ನಾಲಗೆ ಸಮೇತ,
ಕುಂದರ್ರು ಎಣಿಸುವಾಗ
ಅಕ್ಷರ ಅಂದುಕೊಳ್ಳದ ಹಾಗೆ.